ಎಡಗೈ ವಾದಕರೂ ಪೆಡಲ್ ಸ್ಟೀಲ್ ಗಿಟಾರೂ

ಮೃದಂಗ ನುಡಿಸುವವರು ಎಡಚರಾದರೆ ವಾದ್ಯವನ್ನು ತಿರುಗಿಸಿ ಇಟ್ಟುಕೊಳ್ಳುತ್ತಾರೆ, ಕಛೇರಿಯಲ್ಲಿ ಗಾಯಕರ ಇನ್ನೊಂದು ಪಕ್ಕಕ್ಕೆ ಕೂರುತ್ತಾರೆ. ಮಾಮೂಲಿ ಗಿಟಾರಾದರೆ ಮಗುಚಿ ಹಿಡಿದು ತಂತಿಗಳನ್ನು ಹಿಂದುಮುಂದಾಗಿ ಕಟ್ಟಿಕೊಳ್ಳಬಹುದು. ಜಿಮಿ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನು ಹೀಗೆ ಹಿಡಿದೇ ಲೋಕವಿಖ್ಯಾತನಾದ. ಪೆಡಲ್ ಸ್ಟೀಲ್ ಗಿಟಾರಿಗೆ ಈ ಎರಡು ಉಪಾಯವೂ ನಡೆಯುವುದಿಲ್ಲ. ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಎಡಗೈಯವರು. ಅವರಲ್ಲೊಬ್ಬರಿಗೆ ಈ ವಾದ್ಯದ ಮೇಲೆ ಮನಸ್ಸಾದರೆ ಏನು ಮಾಡಬೇಕು? ಉತ್ತರ ಸಿಗಬೇಕಾದರೆ ವಾದ್ಯದ ಅಡಿಗೇ ತಲೆ ಹಾಕಿ ನೋಡಬೇಕು.

ಅಮೆರಿಕದ ಕಂಟ್ರಿ ಸಂಗೀತ ಕೇಳಿದವರಿಗೆ ಇದರ ದನಿ ಪರಿಚಿತ. ಅಳುವಂತೆ ಜಾರುತ್ತ ಏರುವ, ಉಸಿರು ಬಿಡುವಂತೆ ಇಳಿಯುವ ದನಿ ಅದು. ಮೂಲ ಹವಾಯಿ ದ್ವೀಪಗಳದು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮವನ್ನು 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಕೀರ್ತಿ ಓಆಹು ದ್ವೀಪದ ಜೋಸೆಫ್ ಕೆಕುಕುವಿಗೆ ಸಲ್ಲುತ್ತದೆ. ನಮ್ಮ ಗೋಟುವಾದ್ಯದಲ್ಲೂ ಎಡಗೈ ತುಂಡನ್ನು ಜಾರಿಸುತ್ತದೆ, ಬಲಗೈ ಮೀಟುತ್ತದೆ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ಯರ ನೆನಪಿರುವ ಮನೆಗಳಲ್ಲಿ ಈ ಕೈ ಹಂಚಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಈ ಜಾರುಗಿಟಾರಿಗೆ ವಿದ್ಯುತ್ತು ಬಂತು, ಕಾಲು ಬಂತು, ಕೊನೆಗೆ ಪೆಡಲ್ ಬಂತು. ಪೆಡಲ್ ಮೊದಲು ಇದ್ದದ್ದು ಹಾಡಿನಿಂದ ಹಾಡಿಗೆ ಶ್ರುತಿ ಬದಲಿಸಲು. 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಹೊರಬಂದಾಗ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದ್ದು ಕೇಳಿಸಿತು. ಆಮೇಲೆ ಈ ವಾದ್ಯವನ್ನು ಯಾರೂ ಹಳೆಯ ರೀತಿಯಲ್ಲಿ ನುಡಿಸಲಿಲ್ಲ ಎಂದರೂ ನಡೆದೀತು.

ಪೆಡಲ್ ಒತ್ತಿದಾಗ ಆಗುವುದೇನು? ಹೆಚ್ಚು ಬಳಕೆಯಲ್ಲಿರುವ ಇ9 ಶ್ರುತಿಯಲ್ಲಿ ಹತ್ತು ತಂತಿಗಳಿವೆ. ಅವುಗಳಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ ಮೂರನ್ನು ಒಟ್ಟಿಗೆ ಮೀಟಿ ಎನ್ನೋಣ. ನಾದ ಇನ್ನೂ ಗಾಳಿಯಲ್ಲಿರುವಾಗ ಎಡಪಾದದಿಂದ ಎ ಪೆಡಲ್ ಒತ್ತಿದರೆ ಪಂಚಮದ ತಂತಿ ಮಾತ್ರ ಬಿಗಿಯಾಗಿ ಚತುಶ್ರುತಿ ಧೈವತಕ್ಕೆ ಏರುತ್ತದೆ. ಬಿ ಪೆಡಲನ್ನೂ ಒತ್ತಿದರೆ ಗಾಂಧಾರ ಶುದ್ಧ ಮಧ್ಯಮಕ್ಕೆ ಸರಿಯುತ್ತದೆ. ಸ-ಗ-ಪ ಹೋಗಿ ಸ-ಮ-ದ ಆಯಿತು, ಕೈಯಲ್ಲಿರುವ ಸರಳು ಕೂದಲೆಳೆಯಷ್ಟೂ ಕದಲಲಿಲ್ಲ. ಒಂದು ಸ್ವರ ನಿಂತಲ್ಲೇ ನಿಂತು, ಪಕ್ಕದ್ದು ಅದನ್ನು ಸವರಿಕೊಂಡು ಮೇಲೇರುವ ಈ ನಡೆಯೇ ಕೇಳುವವರ ಕರುಳು ಹಿಂಡುವುದು. ಪೆಡಲನ್ನು ತಟ್ಟನೆ ಒತ್ತಬಹುದು, ಎಳೆಎಳೆಯಾಗಿಯೂ ಒತ್ತಬಹುದು. ಗಮಕ ಇಲ್ಲಿ ಕಾಲಿನ ಹರಡಿನಲ್ಲಿದೆ.

ಇನ್ನು ಎಡ-ಬಲದ ಲೆಕ್ಕ. ಸಾಮಾನ್ಯ ವಾದ್ಯದಲ್ಲಿ ಬಲಗೈಯ ಹೆಬ್ಬೆರಳಿಗೂ ಇನ್ನೆರಡು ಬೆರಳಿಗೂ ಪಿಕ್ ತೊಟ್ಟು ಮೀಟಬೇಕು. ಬೇಡದ ನಾದವನ್ನು ಅಂಗೈಯ ಅಂಚಿನಿಂದ ಆಗಾಗಲೇ ಅಡಗಿಸಬೇಕು. ಎಡಗೈಯಲ್ಲಿ ಸುಮಾರು ಇನ್ನೂರು ಗ್ರಾಂ ತೂಕದ ದುಂಡನೆಯ ಉಕ್ಕಿನ ಸರಳು. ಎಡಪಾದಕ್ಕೆ ಮೂರು ಪೆಡಲ್, ಮಂಡಿಗಳ ಅಕ್ಕಪಕ್ಕ ನಾಲ್ಕೈದು ಸನ್ನೆಗಳು, ಬಲಪಾದಕ್ಕೆ ದನಿ ಹೆಚ್ಚು ಕಡಿಮೆ ಮಾಡುವ ಪೆಡಲ್. ಗುಂಡಿಮಗ್ಗದ ಮುಂದೆ ಕೂತ ನೇಕಾರನಂತೆ ಇಲ್ಲಿ ಕೈಕಾಲು ನಾಲ್ಕಕ್ಕೂ ಬಿಡುವಿಲ್ಲ.

ಇದನ್ನು ಮಗುಚಲು ಯಾಕೆ ಆಗುವುದಿಲ್ಲ ಎಂಬುದು ಅಡಿಯಲ್ಲಿ ಬಗ್ಗಿ ನೋಡಿದರೆ ತಿಳಿಯುತ್ತದೆ. ಬಿರಡೆಗಳು ಎಡತುದಿಯಲ್ಲಿ. ಬಲತುದಿಯಲ್ಲಿ ಕುದುರೆಯ ಜಾಗದಲ್ಲಿ ಚೇಂಜರ್ ಎಂಬ ಭಾಗವಿದ್ದು, ಪ್ರತಿ ತಂತಿಗೂ ಅದರಲ್ಲಿ ಒಂದೊಂದು ಲೋಹದ ಬೆರಳಿದೆ. ಪೆಡಲ್ ತುಳಿದರೆ ಅಡ್ಡಸರಳೊಂದು ಹೊರಳುತ್ತದೆ, ಅದಕ್ಕೆ ಸಿಕ್ಕಿಸಿದ ತೆಳ್ಳನೆಯ ಕಡ್ಡಿ ಆಯಾ ತಂತಿಯ ಬೆರಳನ್ನು ಎಳೆಯುತ್ತದೆ. ಯಾವ ಕಡ್ಡಿ ಯಾವ ತಂತಿಗೆ, ಎಷ್ಟು ಎಳೆತ ಎಂಬುದೆಲ್ಲ ಮೊದಲೇ ನಿಗದಿ. ಬರೀ ತಂತಿಗಳ ಸಾಲು ಹಿಂದುಮುಂದು ಮಾಡಿದರೆ ಪಂಚಮಕ್ಕೆ ಹೋಗಬೇಕಾದ ಎಳೆತ ಬೇರೆಲ್ಲಿಗೋ ಹೋಗುತ್ತದೆ. ಇಡೀ ವಾದ್ಯವನ್ನು ತಿರುಗಿಸಿ ಆಚೆ ಬದಿಗೆ ಕೂತರೆ ದಪ್ಪ ತಂತಿ ದೂರಕ್ಕೆ ಹೋಗುತ್ತದೆ, ಪೆಡಲುಗಳೂ ಸನ್ನೆಗಳೂ ತಪ್ಪು ಕಡೆಗೆ ಬೀಳುತ್ತವೆ. ಹಾಗಾಗಿ ಎಡಗೈಯವರಿಗೆ ಬೇಕಾದದ್ದು ಕನ್ನಡಿಯಲ್ಲಿ ಕಂಡ ಬಿಂಬದಂಥ ವಾದ್ಯ. ಅದನ್ನು ಹೇಳಿಯೇ ಮಾಡಿಸಬೇಕು.

ಮಾಡಿಸುವ ಮುನ್ನ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ‘ಬಲಗೈ ವಾದ್ಯ’ ಎಂದು ಕರೆಯುವ ಈ ವಾದ್ಯದ ಅತಿ ಸೂಕ್ಷ್ಮ ಕೆಲಸವೆಲ್ಲ ಇರುವುದು ಎಡಗಡೆಗೇ. ಮೆಟ್ಟಿಲುಗಳು ಬರೀ ಗೆರೆಗಳು. ತಂತಿ ಅವನ್ನು ಮುಟ್ಟುವುದೇ ಇಲ್ಲ. ಸ್ವರ ಶುದ್ಧವಾಗಿ ನಿಲ್ಲುವುದು ಎಡಗೈಯ ಹಿಡಿತದಿಂದ ಮತ್ತು ಕಿವಿಯಿಂದ. ಕಂಪನ, ಜಾರು, ಸರಳಿನ ಹಿಂದೆ ಉಂಗುರಬೆರಳು ಕಿರುಬೆರಳು ಎಳೆದುಕೊಂಡು ಬಂದು ತಂತಿಯ ಗದ್ದಲ ತಡೆಯುವುದು, ಇವೆಲ್ಲ ಎಡಗೈಯದೇ. ಮೂರು ಪೆಡಲೂ ಎಡಪಾದಕ್ಕೆ, ಮಂಡಿಯ ಸನ್ನೆಗಳಲ್ಲೂ ಹೆಚ್ಚಿನವು ಸಾಮಾನ್ಯವಾಗಿ ಎಡಮಂಡಿಗೇ. ಎಡಗೈ ಚುರುಕಾದವರು ಸಾಮಾನ್ಯ ವಾದ್ಯದ ಮುಂದೆ ಕೂತರೆ ಅವರಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚಿರಬಹುದು.

ಆದರೂ ಮೀಟುವ ಕೈಯನ್ನು ಕಡೆಗಣಿಸುವಂತಿಲ್ಲ. ಹವಾಯಿಯ ಬಿಲ್ಲಿ ಹ್ಯೂ ಲೆನ್ ಎಳೆವಯಸ್ಸಿನಲ್ಲಿ ಅಪಘಾತವೊಂದರಲ್ಲಿ ಎಡಗೈ ಕಳೆದುಕೊಂಡವರು. ಸರಳನ್ನು ತೋಳಿಗೆ ಬಿಗಿಸುವ ಸಾಧನ ಮಾಡಿಸಿಕೊಂಡು, ಬಲಗೈಯಲ್ಲಿ ಮೀಟುತ್ತ ದ್ವೀಪದ ದೊಡ್ಡ ಸ್ಟೀಲ್ ವಾದಕರ ಸಾಲಿಗೆ ಸೇರಿದರು. ಸರಳು ಹಿಡಿಯಲು ಬೆರಳುಗಳೇ ಬೇಕೆಂದಿಲ್ಲ ಎಂದು ಅವರು ತೋರಿಸಿಕೊಟ್ಟರು. ಬಲಗೈಯ ಮೂರು ಬೆರಳುಗಳ ಕೆಲಸಕ್ಕೆ ಮಾತ್ರ ಅಂಥ ಬದಲಿ ಕಾಣುವುದಿಲ್ಲ. ಲಯ ಹುಟ್ಟುವುದು ಅಲ್ಲಿ.

ಆದ್ದರಿಂದ ಹೊಸದಾಗಿ ಕಲಿಯುವ ಎಡಚರು ಬರೆಯುವ ಕೈಯನ್ನು ನೋಡಿ ತೀರ್ಮಾನಿಸಬಾರದು. ಹಾಡು ಕೇಳುತ್ತ ಮೇಜಿನ ಮೇಲೆ ಮೂರು ಬೆರಳಲ್ಲಿ ನಡೆ ತಟ್ಟಿ ನೋಡಲಿ: ಮೊದಲು ಎಡ, ಆಮೇಲೆ ಬಲ. ವ್ಯತ್ಯಾಸ ಅಷ್ಟೇನೂ ಇಲ್ಲದಿದ್ದರೆ ಸಾಮಾನ್ಯ ವಾದ್ಯವೇ ಸರಿ. ಕಾಲಿನ ಲೆಕ್ಕ ಬೇರೆಯೇ ಇದೆ, ಎಡಗೈಯವರಲ್ಲಿ ಬಲಗಾಲು ಮುಂದಾದವರು ಬೇಕಾದಷ್ಟು ಮಂದಿ. ಈಗಾಗಲೇ ವರ್ಷಗಟ್ಟಲೆ ಎಡಗೈಯಲ್ಲಿ ಗಿಟಾರ್ ಮೀಟಿದವರ ಕಥೆ ಬೇರೆ. ಅವರಿಗೆ ‘ಬಲಕ್ಕೆ ಬದಲಾಯಿಸಿಕೊ’ ಎನ್ನುವುದು, ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಏಟು ಹಾಕುತ್ತಿದ್ದ ಹಳೆಯ ಶಾಲೆಯ ಅನ್ಯಾಯವೇ. ಅವರು ಬಿಂಬವಾದ್ಯ ಮಾಡಿಸಿಕೊಳ್ಳಲಿ.

ಸಂದೇಹವಿದ್ದರೆ ಪೆಡಲ್ ಇಲ್ಲದ, ತೊಡೆಯ ಮೇಲಿಡುವ ಲ್ಯಾಪ್ ಸ್ಟೀಲಿನಲ್ಲಿ ಪರೀಕ್ಷಿಸುವುದು ಅಗ್ಗದ ದಾರಿ. ಅದರ ತಂತಿಗಳನ್ನು ಹಿಂದುಮುಂದು ಕಟ್ಟಬಹುದು, ಬೇಕಾದರೆ ಮೇಲುಪಟ್ಟಿಯ ಕಚ್ಚುಗಳನ್ನು ತಿದ್ದಬೇಕು, ಅಷ್ಟೆ.

ಬಿಂಬವಾದ್ಯದವರ ಪಾಡೂ ತಿಳಿದಿರಲಿ. ತಯಾರಕರು ಹೆಚ್ಚಾಗಿ ಸಣ್ಣ ಕಾರ್ಖಾನೆಯವರು. ಎರಡೂ ತುದಿಯ ಲೋಹದ ಭಾಗಗಳನ್ನು ಬೇರೆಯಾಗಿಯೇ ಮಾಡಬೇಕಾಗುವುದರಿಂದ ಕಾಯಬೇಕು. ಇನ್ನೊಬ್ಬರ ವಾದ್ಯ ಎರವಲು ಸಿಗುವುದಿಲ್ಲ, ಮಾರಲು ಹೊರಟರೆ ಕೊಳ್ಳುವವರು ವಿರಳ. ಪಾಠದ ಹಾಳೆಯಲ್ಲಿ ‘ಎಡಮಂಡಿ ಎಡಕ್ಕೆ’ ಎಂದಿದ್ದರೆ ಇವರು ‘ಬಲಮಂಡಿ ಬಲಕ್ಕೆ’ ಎಂದು ಓದಿಕೊಳ್ಳಬೇಕು. ಪೆಡಲಿನ ಕ್ರಮದಲ್ಲೂ ಎರಡು ಪಂಥಗಳಿವೆ: ಬಡ್ಡಿ ಎಮ್ಮನ್ಸ್ ಬಳಸಿದ್ದು ಎಡದಿಂದ ಎ-ಬಿ-ಸಿ, ಜಿಮ್ಮಿ ಡೇ ಬಳಸಿದ್ದು ಸಿ-ಬಿ-ಎ. ಯಾವುದು ಬೇಕೆಂದು ಮಾಡಿಸುವಾಗಲೇ ಬಿಡಿಸಿ ಹೇಳದಿದ್ದರೆ ಕನ್ನಡಿಯ ತಿರುವಿನಲ್ಲಿ ಗೊಂದಲವಾಗುತ್ತದೆ. ಇಷ್ಟರ ನಡುವೆ ಒಂದು ಅನುಕೂಲವೂ ಇದೆ. ಬಲಗೈ ಗುರುಗಳ ಎದುರಿಗೆ ಕೂತಾಗ ಗುರುಗಳ ಪ್ರತಿ ಚಲನೆಯೂ ಎಡಗೈ ಶಿಷ್ಯರಿಗೆ ನೇರವಾಗಿ ಕನ್ನಡಿಯಂತೆ ಕಾಣುತ್ತದೆ, ಬಲಗೈ ಶಿಷ್ಯರು ಅದನ್ನು ಮನಸ್ಸಿನಲ್ಲಿ ತಿರುಗಿಸಿಕೊಳ್ಳಬೇಕು.

ಸರಳು ಎರಡು ಕೈಗೂ ಒಂದೇ, ಬೆರಳಿನ ಲೋಹದ ಪಿಕ್‌ಗಳನ್ನು ಬೇಕಾದಂತೆ ಬಗ್ಗಿಸಿಕೊಳ್ಳಬಹುದು. ಹೆಬ್ಬೆರಳಿನ ಪಿಕ್ ಹಾಗಲ್ಲ. ಅದರ ತುದಿ ಒಂದು ಕಡೆಗೆ ಚಾಚಿರುತ್ತದೆ. ಎಡಗೈಯವರದ್ದನ್ನು ಕೇಳಿ ತರಿಸಬೇಕು. ತರಿಸುವಾಗ ನಾಲ್ಕಾರು ಒಟ್ಟಿಗೇ ತರಿಸಿಕೊಳ್ಳುವುದು ಒಳ್ಳೆಯದು.