ವೈಕಿಂಗ್ ಎಂದರೆ ಯಾರು?

ಶಾಲೆಯ ಛದ್ಮವೇಷ ಸ್ಪರ್ಧೆಗೆ ನನ್ನ ಮೊಮ್ಮಗ ವೈಕಿಂಗ್ ಆಗಿ ಹೊರಟಿದ್ದ. ರಟ್ಟಿನ ಶಿರಸ್ತ್ರಾಣಕ್ಕೆ ಎರಡು ಕೊಂಬು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಗೋಂದು ಒಣಗುವವರೆಗೆ ಸುಮ್ಮನಿರಲಾರದೆ ಅವನು ಕೇಳಿದ: "ತಾತ, ವೈಕಿಂಗ್ ಅನ್ನೋದು ಯಾವ ದೇಶ?" ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಸವೆದ ತಲೆ ನನ್ನದು, ತಕ್ಷಣ ಉತ್ತರ ಹೊಳೆಯಲಿಲ್ಲ. ಪುಸ್ತಕ ತಿರುವಿದ ಮೇಲೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮಕ್ಕಳೇ, ವೈಕಿಂಗ್ ಎಂಬುದು ದೇಶವಲ್ಲ, ಕುಲವೂ ಅಲ್ಲ. ಸಾವಿರ ವರ್ಷಗಳ ಹಿಂದೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳ ಜನ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯಲ್ಲಿ 'ವೀಕಿಂಗ್' ಎಂದರೆ ಹಡಗೇರಿ ದೂರ ಹೋಗುವುದು, ಹೆಚ್ಚಾಗಿ ಕೊಳ್ಳೆ ಹೊಡೆಯಲು. ಹಾಗೆ ಹೋದವನು 'ವೀಕಿಂಗರ್'. ನಮ್ಮ ಹಿರಿಯರು 'ದಂಡಿಗೆ ಹೋದ' ಎನ್ನುತ್ತಿದ್ದರಲ್ಲ, ಅದೇ ರೀತಿ ಅವರು 'ವೀಕಿಂಗ್‌ಗೆ ಹೋದ' ಎನ್ನುತ್ತಿದ್ದರು. ಉಳಿದ ಬಹುಪಾಲು ಜನ ಊರಲ್ಲೇ ಬಾರ್ಲಿ ಬೆಳೆದು, ದನ ಕುರಿ ಸಾಕಿ, ಮೀನು ಹಿಡಿದು ಬದುಕುತ್ತಿದ್ದರು.

ಈ ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಮೂರು ಅಭಿಪ್ರಾಯಗಳಿವೆ. 'ವೀಕ್' ಎಂದರೆ ಕಡಲು ಒಳನುಗ್ಗಿದ ಕೊಲ್ಲಿ. ಐಸ್‌ಲೆಂಡಿನ ರಾಜಧಾನಿ ರೇಕ್ಯವೀಕ್ ಎಂದರೆ 'ಹೊಗೆಯ ಕೊಲ್ಲಿ'. ಹಾಗಾಗಿ ಕೊಲ್ಲಿಯಿಂದ ಬಂದವರು ವೈಕಿಂಗರು ಎಂಬುದು ಮೊದಲನೆಯದು. ಹಳೆಯ ಇಂಗ್ಲಿಷಿನಲ್ಲಿ 'ವಿಕ್' ಎಂದರೆ ಪಾಳೆಯ ಅಥವಾ ಸಂತೆಯ ಊರು. ದಡದಲ್ಲಿ ಪಾಳೆಯ ಹೂಡಿದವರು ಎಂಬುದು ಎರಡನೆಯದು. ನೀವು ತಿನ್ನುವ ಸ್ಯಾಂಡ್‌ವಿಚ್ಚಿನ ಹೆಸರಿನ ಹಿಂದಿರುವ ಸ್ಯಾಂಡ್‌ವಿಚ್ ಎಂಬ ಊರಿನಲ್ಲೂ ಇದೇ 'ವಿಕ್' ಅಡಗಿದೆ! ದೋಣಿಯಲ್ಲಿ ಒಬ್ಬರ ಸರದಿ ಮುಗಿದು ಇನ್ನೊಬ್ಬರು ಹುಟ್ಟು ಹಿಡಿಯುವವರೆಗಿನ ದೂರ 'ವೀಕ'. ಸರದಿಯ ಮೇಲೆ ಹುಟ್ಟು ಹಾಕುವವರು ಎಂಬುದು ಮೂರನೆಯದು.

ಕ್ರಿ.ಶ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಇವರು ಲೂಟಿ ಮಾಡಿದರು. ಆಗ ಇಂಗ್ಲಿಷರು ಇವರನ್ನು ಹೆಚ್ಚಾಗಿ 'ಡೇನರು' ಎಂದೋ 'ಬಡಗಣ ಜನ' ಎಂದೋ ಕರೆಯುತ್ತಿದ್ದರು. ಫ್ರಾನ್ಸಿನ ನಾರ್ಮಂಡಿಗೆ ಆ ಹೆಸರು ಬಂದದ್ದೂ ಈ 'ಬಡಗಣ ಜನ'ರಿಂದಲೇ. ಒಂದು ಇಡೀ ಜನಾಂಗಕ್ಕೆ ವೈಕಿಂಗ್ ಎಂಬ ಹೆಸರು ಅಂಟಿದ್ದು ಬಹಳ ತಡವಾಗಿ, 19ನೆಯ ಶತಮಾನದ ಕಥೆ ಕಾವ್ಯಗಳಿಂದ.

ಕೊಂಬಿನ ಕಥೆಯೂ ಹಾಗೆಯೇ. 1943ರಲ್ಲಿ ನಾರ್ವೆಯ ಯರ್ಮುಂಡ್‌ಬು ಎಂಬಲ್ಲಿ ಸಿಕ್ಕ ವೈಕಿಂಗ್ ಕಾಲದ ಕಬ್ಬಿಣದ ಶಿರಸ್ತ್ರಾಣಕ್ಕೆ ಕೊಂಬೇ ಇಲ್ಲ. 1876ರಲ್ಲಿ ಜರ್ಮನಿಯಲ್ಲಿ ವಾಗ್ನರ್ ಎಂಬ ಸಂಗೀತಗಾರನ ಗೀತನಾಟಕಕ್ಕೆ ವೇಷಭೂಷಣ ಮಾಡಿದ ಕಲಾವಿದ ಕೊಂಬು ಇಟ್ಟ. ಅದೇ ಎಲ್ಲರ ಮನಸ್ಸಿನಲ್ಲಿ ಉಳಿಯಿತು.

ನನ್ನನ್ನು ತಟ್ಟಿದ್ದು ಮಾತ್ರ ಒಂದು ಕಲ್ಲು. ದಕ್ಷಿಣ ಸ್ವೀಡನ್ನಿನ ವೆಸ್ತ್ರ ಸ್ತ್ರೋ ಎಂಬಲ್ಲಿ ರೂನ್ ಲಿಪಿಯ ಶಾಸನವೊಂದಿದೆ. ಅಝುರ್ ಎಂಬವನು ಬಡಗಣಕ್ಕೆ ವೈಕಿಂಗ್ ಹೋಗಿ ಸತ್ತ. ಅವನ ನೆನಪಿಗೆ ಒಡಹುಟ್ಟಿದವನು ಅದನ್ನು ಕೆತ್ತಿಸಿದ. ಕೊಳ್ಳೆಯಾದ ಮಠದಲ್ಲಿ ಅತ್ತವರಿದ್ದರು, ಕೊಳ್ಳೆಗೆ ಹೋದವನ ಮನೆಯಲ್ಲೂ ಅತ್ತವರಿದ್ದರು. ಕೆಲವರು ಮಾಡಿದ ಕೆಲಸದ ಹೆಸರನ್ನು ಎಲ್ಲರ ಖಾತೆಗೂ ಬರೆದುಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಹೇಳಿ, "ಕೊಂಬು ಕಿತ್ತುಬಿಡೋಣವೇ?" ಎಂದೆ. "ಬೇಡ ತಾತ, ಕೊಂಬಿಲ್ಲದಿದ್ದರೆ ಟೀಚರ್‌ಗೆ ಗುರುತೇ ಸಿಗಲ್ಲ. ನಿಜ ಏನು ಅಂತ ವೇದಿಕೆ ಮೇಲೆ ನಾನೇ ಹೇಳ್ತೀನಿ" ಎಂದ. ಹೇಳಿಯೂ ಹೇಳಿದ.