ಒಂದೇ ಪಂದ್ಯ, ಎರಡು ನೋಟ

ಪಂದ್ಯ ಮುಗಿದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ. ಅದು ಹೋಟೆಲಿನ ಕಾಫಿ ಮೇಜಿಗೆ ಬಂದು ಮತ್ತೆ ಆರಂಭವಾಗುತ್ತದೆ. ಚೆಂಡು ಬ್ಯಾಟಿಗೆ ತಗಲಿತೆಂದು ಒಬ್ಬರು, ತಗಲಲೇ ಇಲ್ಲವೆಂದು ಇನ್ನೊಬ್ಬರು. ಹತ್ತು ನಿಮಿಷಗಳೊಳಗೆ ಮಾತು ಚೆಂಡನ್ನು ಬಿಟ್ಟು ಆಟಗಾರನ ಯೋಗ್ಯತೆಗೂ, ಅಲ್ಲಿಂದ ವಾದಿಸುವವರ ಪ್ರಾಮಾಣಿಕತೆಗೂ ಹರಿಯುತ್ತದೆ. ಎದುರಿನವನು ಬೇಕೆಂದೇ ಸುಳ್ಳಾಡುತ್ತಿರುವನೆಂದು ನಾವು ನಂಬುತ್ತೇವೆ. ಆದರೆ ಅವನು ನಿಜವಾಗಿಯೂ ಸುಳ್ಳಾಡುತ್ತಿರುವನೇ? ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡಿದ್ದಾರೆ.

1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ಅಲ್ಲಿಯ ಮಾದರಿಯ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಆಟ ಬಹಳ ಒರಟಾಗಿತ್ತು. ಪ್ರಿನ್ಸ್‌ಟನ್ನಿನ ಪ್ರಸಿದ್ಧ ಆಟಗಾರ ಡಿಕ್ ಕಾಜ್‌ಮೇಯರನ ಮೂಗು ಮುರಿಯಿತು. ಬಳಿಕ ಡಾರ್ಟ್‌ಮತ್ತಿನ ಆಟಗಾರನೊಬ್ಬನ ಕಾಲು ಮುರಿಯಿತು. ತಪ್ಪು ಎದುರು ಪಕ್ಷದ್ದೇ ಎಂದು ಎರಡು ಕಡೆಯ ವಿದ್ಯಾರ್ಥಿ ಪತ್ರಿಕೆಗಳೂ ದೂರಿದವು. ಆಗ ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ವಿದ್ವಾಂಸರು ಪಂದ್ಯದ ಒಂದೇ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ನಿಯಮಭಂಗಗಳನ್ನೆಲ್ಲ ಗುರುತು ಹಾಕಿಕೊಳ್ಳುವಂತೆ ಹೇಳಿದರು. 1954ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಡಾರ್ಟ್‌ಮತ್ ತಂಡದ ತಪ್ಪುಗಳು ಪ್ರಿನ್ಸ್‌ಟನ್ನಿನವರ ಕಣ್ಣಿಗೆ ಸರಾಸರಿ 9.8, ಡಾರ್ಟ್‌ಮತ್ತಿನವರ ಕಣ್ಣಿಗೆ ಕೇವಲ 4.3!

ಇನ್ನೊಂದು ಪ್ರಸಂಗವೂ ಉಂಟು. ಆ ಚಿತ್ರವನ್ನು ನೋಡಿದ ಡಾರ್ಟ್‌ಮತ್ತಿನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ತಮ್ಮವರ ಮೇಲೆ ಹೊರಿಸಿದ್ದ ಅಪರಾಧಗಳು ಕಾಣಲೇ ಇಲ್ಲ. ಮುಖ್ಯ ಭಾಗಗಳನ್ನು ಕತ್ತರಿಸಿರಬೇಕೆಂದು ಭಾವಿಸಿ, ಉಳಿದುದನ್ನು ಕಳುಹಿಸುವಂತೆ ಅವರು ತಂತಿ ಕೊಟ್ಟರು. ಚಿತ್ರವನ್ನು ಯಾರೂ ಕತ್ತರಿಸಿರಲಿಲ್ಲ.

ಇದಕ್ಕೆ ಕಾರಣವೇನು? ಕ್ಯಾಮೆರಾ ತನ್ನ ಮುಂದಿರುವುದನ್ನೆಲ್ಲ ಸಮನಾಗಿ ಗ್ರಹಿಸುತ್ತದೆ, ಮನಸ್ಸು ಹಾಗಲ್ಲ. ಮೈದಾನದಲ್ಲಿ ಏಕಕಾಲಕ್ಕೆ ನಡೆಯುವ ನೂರು ಚಲನೆಗಳಲ್ಲಿ ತನಗೆ ಅರ್ಥವುಳ್ಳ ಕೆಲವನ್ನು ಮಾತ್ರ ಅದು ಆರಿಸಿಕೊಳ್ಳುತ್ತದೆ. ಆರಿಸುವ ಈ ಕೆಲಸದಲ್ಲಿ ನಮ್ಮ ಪಕ್ಷಾಭಿಮಾನ ನಮಗೆ ತಿಳಿಯದೆಯೇ ಕೈಯಾಡಿಸುತ್ತದೆ. ಆದುದರಿಂದ ದೃಶ್ಯವನ್ನು ಮತ್ತೊಮ್ಮೆ ತೋರಿಸಿದೊಡನೆ ಜಗಳ ತೀರುವುದೆಂಬುದು ಭ್ರಮೆ.

ಹಾಗಾದರೆ ಪರಿಹಾರವೇ ಇಲ್ಲವೇ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್ ಲೆವೀನ್ ಮತ್ತು ಸಂಗಡಿಗರು ನಡೆಸಿ, 2005ರಲ್ಲಿ ಪ್ರಕಟಿಸಿದ ಪ್ರಯೋಗವು ಆಶಾದಾಯಕವಾಗಿದೆ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಭಿಮಾನಿಗಳಿಂದ ಆ ಅಭಿಮಾನದ ಬಗ್ಗೆ ಬರೆಸಿ ಹೊರಗೆ ಕಳುಹಿಸಿದಾಗ, ದಾರಿಯಲ್ಲಿ ಒಬ್ಬ ಓಟಗಾರ ಬಿದ್ದು ಪೆಟ್ಟಾದಂತೆ ನಟಿಸಿದ. ಅವನು ತಮ್ಮ ತಂಡದ ಅಂಗಿ ತೊಟ್ಟಿದ್ದರೆ ಹೆಚ್ಚಿನವರು ನೆರವಿಗೆ ಧಾವಿಸಿದರು. ಪ್ರತಿಸ್ಪರ್ಧಿ ಲಿವರ್‌ಪೂಲಿನ ಅಂಗಿಯಾದರೆ ಕೆಲವರಷ್ಟೇ ನಿಂತರು. ಇನ್ನೊಂದು ಸಲ ಫುಟ್‌ಬಾಲ್ ಪ್ರೇಮಿಗಳಾಗಿ ತಮಗಿರುವ ಸಂತೋಷವನ್ನು ಕುರಿತು ಬರೆಸಿದಾಗ, ಲಿವರ್‌ಪೂಲಿನವನಿಗೂ ಬಹುಮಂದಿ ಕೈಕೊಟ್ಟರು. ‘ನಾವು’ ಎಂಬ ಶಬ್ದದ ವ್ಯಾಪ್ತಿ ಹಿಗ್ಗಿತು, ಅಷ್ಟೇ.

ಆಟದ ಚರ್ಚೆಯನ್ನು ನಡೆಸುವ ಮಧ್ಯಸ್ಥನು ಈ ಎರಡು ಪಾಠಗಳನ್ನೂ ಬಳಸಬಹುದು. ‘ಯಾರದು ತಪ್ಪು?’ ಎಂಬುದಕ್ಕೆ ಮೊದಲು ‘ನಿಮಗೆ ಏನು ಕಂಡಿತು?’ ಎಂದು ಅವನು ಕೇಳಲಿ. ಆಟಗಾರನ ಹೊಡೆತವನ್ನು ಟೀಕಿಸಬಹುದು, ಮಾತನಾಡುವವನ ಊರು, ಜಾತಿ, ಭಾಷೆಗಳನ್ನು ಹಳಿಯಲಾಗದು ಎಂಬ ಕಟ್ಟಳೆಯನ್ನು ಜಗಳಕ್ಕೆ ಮೊದಲೇ ಸಾರಲಿ. ಸೋತವರ ಒಳ್ಳೆಯ ಆಟವನ್ನು ಗೆದ್ದವರ ಬಾಯಿಂದಲೇ ಹೇಳಿಸಲಿ. ಎಲ್ಲಕ್ಕಿಂತ ಮಿಗಿಲಾಗಿ, ಅವನು ಪಕ್ಷಾತೀತನೆಂದು ಇಬ್ಬರೂ ಒಪ್ಪಬೇಕು. ಕ್ರಿಕೆಟ್ ಇದನ್ನು ಅನುಭವದಿಂದ ಕಲಿಯಿತು. 1986ರಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಲಾಹೋರಿನಲ್ಲಿ ಟೆಸ್ಟ್ ಆಡಿದಾಗ ತೀರ್ಪು ನೀಡಲು ನಿಂತವರು ಭಾರತದ ವಿ. ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. 2002ರಲ್ಲಿ ಟೆಸ್ಟ್ ಪಂದ್ಯಗಳ ಇಬ್ಬರು ಅಂಪೈರುಗಳೂ ತಟಸ್ಥ ದೇಶದವರಾಗಿರಬೇಕೆಂಬ ಏರ್ಪಾಡು ಬಂದಿತು.

ನಮ್ಮ ಕಾಫಿ ಮೇಜಿಗೆ ಮೂರನೆಯ ದೇಶದ ಅಂಪೈರು ಬರಲಾರ. ಆ ಸ್ಥಾನವನ್ನು ನಾವೇ ಸರದಿಯಂತೆ ವಹಿಸಬೇಕು. ಎದುರಿನ ಗೆಳೆಯನನ್ನು ಸುಳ್ಳುಗಾರನೆನ್ನುವ ಮುನ್ನ, ನಮ್ಮ ಕಣ್ಣು ಬಿಟ್ಟುಬಿಟ್ಟ ಒಂದು ಚಲನೆಯನ್ನು ಅವನ ಕಣ್ಣು ಹಿಡಿದಿರಬಹುದೆಂದು ನೆನೆದರೆ, ಪಂದ್ಯ ಸೋತ ದಿನವೂ ಸ್ನೇಹ ಉಳಿದೀತು.