ನಿಂತಲ್ಲೇ ಬೀಳುವ ಬೈಕು

ನಮ್ಮ ಕಡೆ ಬೈಕಿನಿಂದ ಬಿದ್ದವರಲ್ಲಿ ಎರಡು ಬಗೆ. ವೇಗವಾಗಿ ಹೋಗಿ ಬಿದ್ದವರು ಒಂದು, ನಿಂತಲ್ಲೇ ಬಿದ್ದವರು ಇನ್ನೊಂದು. ಮೊದಲನೆಯವರನ್ನು ನೋಡೋಕೆ ಊರವರೆಲ್ಲ ಬ್ರೆಡ್ಡು, ಮೋಸಂಬಿ ಹಿಡಿದು ಬರ್ತಾರೆ. ಎರಡನೆಯವರನ್ನು ನೋಡಿ ನಗ್ತಾರೆ. "ಏನಣ್ಣಾ, ನಿಂತ ಗಾಡಿನೂ ಹಿಡಿಯಕ್ಕಾಗಲಿಲ್ವಾ?" ಅಂತ ಟೀ ಅಂಗಡಿಯಿಂದ ಒಂದು ಮಾತು ಬರುತ್ತೆ. ಬಿದ್ದವರೂ ಪೆಚ್ಚುನಗೆ ನಕ್ಕು, ಪ್ಯಾಂಟು ಕೊಡವಿಕೊಂಡು, ಯಾರೂ ನೋಡಲಿಲ್ಲ ಅನ್ನೋ ಹಾಗೆ ಹೊರಟುಬಿಡ್ತಾರೆ. ಮನೆಗೆ ಹೋಗಿ ಹೇಳೋದಿಲ್ಲ. ನನ್ನ ಪ್ರಕಾರ ಅಪಾಯ ಇರೋದು ಅಲ್ಲೇ.

ನಮ್ಮೂರು ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗೋ ದಾರಿಯಲ್ಲಿ ಒಳಗೆ ಸಿಗೋ ಒಂದು ಹಳ್ಳಿ. ಈ ಕಡೆ ಶಿಕಾರಿಪುರದ ಸಂತೆ, ಆ ಕಡೆ ಸೊರಬದ ಕಚೇರಿ ಕೆಲಸ, ಎರಡಕ್ಕೂ ಬೈಕೇ ಬೇಕು. ಬಸ್ಸಿಗೆ ಕಾಯೋದಾದರೆ ಅರ್ಧ ದಿನ ಹೋಯ್ತು. ಹಾಗಾಗಿ ಹೈಸ್ಕೂಲು ಮುಗಿಸಿದ ಹುಡುಗನಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜನವರೆಗೆ ಎಲ್ಲರೂ ಗಾಡಿ ಓಡಿಸೋರೇ. ಗಾಡಿ ಕೆಡವಿಕೊಳ್ಳದವರೂ ಇಲ್ಲಿ ಕಡಿಮೆ. ಒಪ್ಪಿಕೊಳ್ಳೋರು ಇನ್ನೂ ಕಡಿಮೆ.

ಹೋದ ಮಳೆಗಾಲದಲ್ಲಿ ಅವ್ವ ಫೋನ್ ಮಾಡಿದ್ದಳು. "ನಿಮ್ಮಪ್ಪ ನಾಕು ದಿನದಿಂದ ಒಂಥರಾ ಕುಂಟ್ತಾರೆ ಕಣೋ. ಕೇಳಿದ್ರೆ ಏನಿಲ್ಲ ಅಂತಾರೆ. ಪಂಚೆ ಮೇಲೆತ್ತೋಕೇ ಬಿಡ್ತಿಲ್ಲ" ಅಂದಳು. ಅಪ್ಪನಿಗೆ 64. ಹನ್ನೆರಡು ವರ್ಷದಿಂದ ಶುಗರ್ ಇದೆ. ಶನಿವಾರ ಊರಿಗೆ ಹೋಗಿ ನೋಡಿದರೆ ಬಲಗಾಲಿನ ಮೀನಖಂಡದಲ್ಲಿ ಅಂಗೈಯಗಲ ಸುಟ್ಟ ಗಾಯ. ಮೇಲೆ ಯಾವುದೋ ಮುಲಾಮು, ಅದರ ಮೇಲೆ ಅರಿಶಿನ. ಅಂಚಿನಲ್ಲಿ ಕೀವು ಶುರುವಾಗಿತ್ತು. ಶುಗರ್ ಇದ್ದವರಿಗೆ ಕಾಲಿನ ಸ್ಪರ್ಶ ಮಂದವಾಗಿರುತ್ತೆ, ಗಾಯ ಮಾಯೋದೂ ನಿಧಾನ. "ನೋವೇ ಇಲ್ಲ ಕಣೋ" ಅಂತ ಅಪ್ಪ ಹೇಳಿದ್ದು ಧೈರ್ಯದ ಮಾತು ಅಂತ ಅವ್ವ ತಿಳಿದಿದ್ದಳು. ಡಾಕ್ಟರಿಗೆ ಅದೇ ಮಾತು ಚಿಂತೆಯದ್ದಾಯಿತು. ಡ್ರೆಸ್ಸಿಂಗು, ಆಂಟಿಬಯೋಟಿಕ್ ಅಂತ ಐದು ವಾರ ಹಿಡೀತು. ಇನ್ನೊಂದು ವಾರ ಬಿಟ್ಟು ಬಂದಿದ್ದರೆ ಮಾತು ಬೇರೆಯೇ ಇತ್ತು ಅಂದರು.

ನಡೆದದ್ದು ಇಷ್ಟೇ. ಹಿಂದಿನ ಸೀಟಿಗೆ ಯೂರಿಯಾ ಚೀಲ ಕಟ್ಟಿಕೊಂಡು ಬಂದ ಅಪ್ಪ, ಮುಖ್ಯರಸ್ತೆಯಿಂದ ಬಲಕ್ಕೆ ನಮ್ಮೂರ ದಾರಿಗೆ ತಿರುಗಿಸ್ತಿದ್ದರು. ಎದುರಿಂದ ಬಸ್ಸು ಬಂತು. ಹ್ಯಾಂಡಲ್ ಬಲಕ್ಕೆ ತಿರುಗಿದ್ದಾಗಲೇ ಮುಂದಿನ ಬ್ರೇಕ್ ಹಿಡಿದರು. ಗಾಡಿ ಬಲಕ್ಕೆ ವಾಲಿ ಮಲಗಿತು. ಜೋರಾಗಿ ನಡೆದರೆ ಇರುವಷ್ಟೇ ವೇಗ ಅದು. ಲೆಗ್ ಗಾರ್ಡ್ ಇದ್ದದ್ದಕ್ಕೆ ಮೂಳೆ ಉಳೀತು, ಸೈಲೆನ್ಸರ್ ಮಾತ್ರ ಕಾಲಿಗೆ ಒತ್ತಿಕೊಂಡಿತ್ತು.

ಅಕ್ಕ ಶಿವಮೊಗ್ಗದಿಂದಲೇ ತೀರ್ಪು ಕೊಟ್ಟಳು: "ಅಪ್ಪಾ, ಗಾಡಿ ಮಾರಿಬಿಡಿ." ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಆಯ್ತು. ದಿನಾ ಬೆಳಿಗ್ಗೆ ಡೈರಿಗೆ, ತೋಟಕ್ಕೆ ನನ್ನ ಬಿಡೋಕೆ ನೀನು ಬರ್ತೀಯಾ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಊರಿನಲ್ಲಿ ವಯಸ್ಸಾದವರಿಗೆ ಗಾಡಿ ಹೋದರೆ ಅದರ ಜೊತೆ ಸಂತೆ ಹೋಯ್ತು, ಸೊಸೈಟಿ ಮೀಟಿಂಗು ಹೋಯ್ತು, ಗೆಳೆಯನ ಮನೆ ಜಗಲಿ ಹೋಯ್ತು. ಮಾರೋದು ಸುಲಭ. ಅದಕ್ಕೂ ಮೊದಲು ಗಾಡಿ ಯಾಕೆ ಬಿತ್ತು ಅಂತ ನೋಡೋಣ ಅಂದೆ.

ಲೆಕ್ಕ ಏನು ಹೇಳುತ್ತೆ?

ಓಡುವ ಬೈಕಿಗೆ ಬೀಳದಿರುವ ಗುಣ ತಾನಾಗೇ ಇದೆ. ಸ್ವಲ್ಪ ವಾಲಿದರೆ ಮುಂದಿನ ಚಕ್ರ ಆ ಕಡೆಗೇ ತಿರುಗಿ ಗಾಡಿಯನ್ನು ಮತ್ತೆ ನೆಟ್ಟಗೆ ಮಾಡುತ್ತೆ. ವೇಗ ಇಳಿದ ಹಾಗೆ ಈ ಸಹಾಯ ಕಡಿಮೆಯಾಗ್ತಾ, ನಡಿಗೆಯ ವೇಗಕ್ಕೆ ಬಂದಾಗ ಇಲ್ಲವೇ ಇಲ್ಲ ಅನ್ನಬಹುದು. ಆಮೇಲೆ ಗಾಡಿ ಹಿಡಿಯೋದು ನಮ್ಮ ಕೈ, ಕಾಲು ಮಾತ್ರ.

ಎಷ್ಟು ಭಾರ ಹಿಡೀಬೇಕು? ಸ್ಪ್ಲೆಂಡರ್ ಪ್ಲಸ್ ತೂಕ ಸುಮಾರು 112 ಕೆಜಿ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿದೆ ಅಂತ ಅಂದಾಜು ಇಟ್ಟುಕೊಳ್ಳಿ. ಗಾಡಿ 10 ಡಿಗ್ರಿ ವಾಲಿದಾಗ ಅದನ್ನು ತಡೆಯೋಕೆ ಹ್ಯಾಂಡಲ್ ಹತ್ತಿರ ಬೇಕಾಗೋದು ಸುಮಾರು 10 ಕೆಜಿ ಬಲ. 30 ಡಿಗ್ರಿಗೆ ಅದೇ 28 ಕೆಜಿ. ಅಂದರೆ ಮೊದಲ ಕ್ಷಣದಲ್ಲಿ ಒಂದು ಕೊಡ ನೀರಿನಷ್ಟು ಇದ್ದದ್ದು, ರೆಪ್ಪೆ ಮಿಟುಕಿಸೋದರೊಳಗೆ ಸುಮಾರು ಮೂರು ಪಟ್ಟಾಗುತ್ತೆ. ಹಿಡಿದೆ ಅನ್ನುವಷ್ಟರಲ್ಲಿ ಕೈ ಮೀರಿರುತ್ತೆ. ಇದು ಶಕ್ತಿ ಇಲ್ಲದವರ ಕತೆ ಅಲ್ಲ, ಗಟ್ಟಿಮುಟ್ಟಾದ ಹುಡುಗರಿಗೂ ಇದೇ ಲೆಕ್ಕ.

ಈಗ ಯೂರಿಯಾ ಚೀಲ ಸೇರಿಸಿ. ಮೊದಲು 50 ಕೆಜಿ ಇದ್ದ ಚೀಲ ಈಗ 45 ಕೆಜಿ. ಆದರೆ ಅದು ಕೂರೋದು ಸೀಟಿನ ಮೇಲೆ, ಎತ್ತರದಲ್ಲಿ. ಹಾಗಾಗಿ 10 ಡಿಗ್ರಿಗೆ 10 ಕೆಜಿ ಇದ್ದದ್ದು 17 ಆಗುತ್ತೆ, 30 ಡಿಗ್ರಿಗೆ 28 ಇದ್ದದ್ದು 48. ಇದು ಹೆಚ್ಚುಕಡಿಮೆ 195 ಕೆಜಿಯ ಕ್ಲಾಸಿಕ್ 350 ಬುಲೆಟ್ ಗಾಡಿಗೆ ಬರೋ ಲೆಕ್ಕವೇ. ಅಪ್ಪ ಹತ್ತಿದ್ದು ಸ್ಪ್ಲೆಂಡರು, ಬೀಳುವಾಗ ಹಿಡಿಯಬೇಕಾಗಿದ್ದು ಬುಲೆಟ್ಟು.

ನಮ್ಮ ರಸ್ತೆಯ ಜಾಗಗಳು

ಊರಲ್ಲಿ ಹತ್ತಾರು ಜನರನ್ನು ಕೇಳಿದೆ. ಮೊದಲು ಎಲ್ಲರೂ "ನಂದು ಬಿದ್ದೇ ಇಲ್ಲ" ಅಂದರು. ಅಪ್ಪನ ಕತೆ ಹೇಳಿದ ಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಕಾರಣಗಳು ನಾಲ್ಕೈದೇ.

ಒಂದು, ಡಾಂಬರಿನ ಅಂಚು. ಕಿರಿದಾದ ರಸ್ತೆಯಲ್ಲಿ ಬಸ್ಸಿಗೋ ಭತ್ತದ ಲಾರಿಗೋ ದಾರಿ ಬಿಡೋಕೆ ಎಡಕ್ಕೆ ನಿಲ್ಲಿಸ್ತೀವಿ. ಮಳೆಗೆ ಅಂಚಿನ ಮಣ್ಣು ಕೊಚ್ಚಿ ಹೋಗಿ ಅರ್ಧ ಅಡಿ ಕೆಳಗಿರುತ್ತೆ. ಎಡಗಾಲು ಇಡೋಕೆ ಹೋದರೆ ನೆಲವೇ ಸಿಗಲ್ಲ. ಅಷ್ಟು ಹೊತ್ತಿಗೆ ಗಾಡಿ 15 ಡಿಗ್ರಿ ವಾಲಿರುತ್ತೆ. ಪೂರ್ತಿ ಅಂಚಿಗೆ ಹೋಗದೆ ಅರ್ಧ ಮಾರು ಒಳಗೇ ನಿಲ್ಲಿಸಬೇಕು, ಇಲ್ಲವೇ ಮೊದಲೇ ಪೂರ್ತಿ ಮಣ್ಣಿಗೆ ಇಳಿಸಬೇಕು.

ಎರಡು, ತಿರುಗಿದ ಹ್ಯಾಂಡಲ್ಲಿಗೆ ಮುಂದಿನ ಬ್ರೇಕ್. ಅಪ್ಪನಿಗೆ ಆದದ್ದು ಇದೇ. ನಿಧಾನವಾಗಿ ತಿರುಗಿಸುವಾಗ ಹಾಫ್ ಕ್ಲಚ್ಚು, ಕಾಲಿನ ಬ್ರೇಕು ಸಾಕು. ನಿಲ್ಲಿಸಲೇಬೇಕಾದರೆ ಹ್ಯಾಂಡಲ್ ನೆಟ್ಟಗೆ ಮಾಡಿ ನಿಲ್ಲಿಸಬೇಕು. ಎಬಿಎಸ್ ಇದೆಯಲ್ಲಾ ಅನ್ನಬೇಡಿ. ಅದು ಚಕ್ರ ಲಾಕ್ ಆಗೋದನ್ನು ತಡೆಯುತ್ತೆ, ವಾಲೋದನ್ನಲ್ಲ.

ಮೂರು, ಮೆಕ್ಕೆಜೋಳ. ಕೊಯ್ಲಿನ ಸಮಯದಲ್ಲಿ ರಸ್ತೆ ಮೇಲೆ ಒಣಗೋಕೆ ಹಾಕಿದ ಕಾಳು ಟೈರಿನ ಕೆಳಗೆ ಗೋಲಿಯ ಹಾಗೆ ಉರುಳುತ್ತೆ. ಚಕ್ರದ ಜೊತೆ ಊರಿದ ಚಪ್ಪಲಿಯೂ ಜಾರುತ್ತೆ.

ನಾಲ್ಕು, ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತವರು. ಸೀರೆ ಉಟ್ಟವರು ಇಳಿಯುವಾಗ ಭಾರವೆಲ್ಲ ಒಂದೇ ಸಲ ಎಡಕ್ಕೆ ಬರುತ್ತೆ. ಓಡಿಸೋರು ಎರಡೂ ಕಾಲು ಊರಿ "ಇಳೀರಿ" ಅಂತ ಹೇಳಿದ ಮೇಲೆಯೇ ಇಳಿಯೋದು ಅಂತ ಮನೆಯಲ್ಲೇ ಒಂದು ರೂಢಿ ಮಾಡಿಕೊಂಡರೆ ಒಳ್ಳೇದು.

ಐದು, ಸೈಡ್ ಸ್ಟ್ಯಾಂಡು. ಅದರ ಪಾದ ಬೆಂಕಿಪೊಟ್ಟಣಕ್ಕಿಂತ ದೊಡ್ಡದಿರಲ್ಲ. ನಮ್ಮ ಕೆಂಪು ಮಣ್ಣು ಜುಲೈ ತಿಂಗಳಲ್ಲಿ ಬೆಣ್ಣೆ. ನಿಲ್ಲಿಸಿದಾಗ ಸರಿ ಇರುತ್ತೆ, ಅರ್ಧ ಗಂಟೆಯಲ್ಲಿ ಸ್ಟ್ಯಾಂಡು ಹೂತು ಗಾಡಿ ಮಲಗಿರುತ್ತೆ. ದೀಪಾವಳಿ ಆದಮೇಲೆ ಹೋರಿ ಹಬ್ಬಕ್ಕೆ ಗದ್ದೆ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಬೈಕುಗಳಲ್ಲಿ ಒಂದು ಬಿದ್ದರೆ ಪಕ್ಕದ್ದು, ಅದರ ಪಕ್ಕದ್ದು ಅಂತ ಸಾಲೇ ಮಲಗೋದನ್ನು ನೋಡಿದವರಿಗೆ ಗೊತ್ತು. ಚಂದ್ರಗುತ್ತಿಗೋ ಬಳ್ಳಿಗಾವಿಗೋ ಗುಡವಿಯ ಹಕ್ಕಿ ನೋಡೋಕೋ ಬರುವವರು ಒಂದು ಚಪ್ಪಟೆ ಕಲ್ಲು ಹುಡುಕಿ ಸ್ಟ್ಯಾಂಡಿನ ಕೆಳಗೆ ಇಟ್ಟರೆ ಸಾಕು. ಇಳಿಜಾರಿದ್ದರೆ ಮುಂದಿನ ಚಕ್ರ ಏರಿನ ಕಡೆಗಿರಲಿ, ಫಸ್ಟ್ ಗೇರ್‌ನಲ್ಲಿರಲಿ. ಎಡಗಡೆ ನೆಲ ಎತ್ತರ ಇದ್ದರೆ ಗಾಡಿ ತೀರಾ ನೆಟ್ಟಗೆ ನಿಂತು, ಒಂದು ನಾಯಿ ತಾಗಿದರೂ ಬಲಕ್ಕೆ ಬೀಳುತ್ತೆ.

ಮನೆ ಅಂಗಳದ ಮಾತೂ ಒಂದಿದೆ. ಚಿಕ್ಕ ಮಕ್ಕಳಿಗೆ ನಿಂತ ಬೈಕು ಅಂದರೆ ಕುದುರೆ. ಫುಟ್‌ರೆಸ್ಟ್ ಮೇಲೆ ಕಾಲಿಟ್ಟು, ಹ್ಯಾಂಡಲ್ ಹಿಡಿದು ಜೋತಾಡ್ತಾರೆ. 112 ಕೆಜಿ ಮಗುವಿನ ಮೇಲೆ ಬಂದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿರೋ ಮನೆಯಲ್ಲಿ ಗಟ್ಟಿ, ಸಮ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಲಾಕ್ ಮಾಡಿ, ಆದಷ್ಟು ಗೋಡೆಯ ಬದಿಗೆ ನಿಲ್ಲಿಸಿ. ಕೀ ಅಂತೂ ಬಿಡಲೇಬೇಡಿ.

ಬಿದ್ದ ಮೇಲೆ

ಮೊದಲ ಕೆಲಸ ಗಾಡಿ ಎತ್ತೋದಲ್ಲ, ಕೀ ಆಫ್ ಮಾಡೋದು. ಎರಡನೇದು, ಕಾಲು ಸಿಕ್ಕಿಕೊಂಡಿದೆಯಾ ನೋಡೋದು. ಹಳೇ ಕಾರ್ಬೊರೇಟರ್ ಗಾಡಿಯಾದರೆ ಪೆಟ್ರೋಲ್ ನಾಬ್ ಬಂದ್ ಮಾಡಿ. ಪೆಟ್ರೋಲ್ ಸೋರಿದ್ದರೆ ಬೀಡಿ, ಸಿಗರೇಟು ಹಿಡಿದವರನ್ನು ದೂರ ಕಳಿಸಿ.

ಎತ್ತುವಾಗ ಬಗ್ಗಿ ಹ್ಯಾಂಡಲ್ ಹಿಡಿದು ಜಗ್ಗಿದರೆ ಸೊಂಟ ಹಿಡಿಯೋದು ಗ್ಯಾರಂಟಿ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ತೆಗೆದಿಡಿ. ಗೇರ್‌ಗೆ ಹಾಕಿ, ಚಕ್ರ ಉರುಳಬಾರದು. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಕುಂಡಿ ಒತ್ತಿ ಕೂತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಹಿಡಿಗೆ ಹಾಕಿ, ಕಾಲಿನ ಬಲದಿಂದ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳಿ. ಎಡಕ್ಕೆ ಬಿದ್ದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಬೀಳದ ಹಾಗೆ ಒಬ್ಬರು ಬಲಗಡೆ ನಿಲ್ಲಲಿ. ಯಾರಾದರೂ ಇದ್ದರೆ ಕರೀರಿ, ಅದರಲ್ಲಿ ಅವಮಾನ ಏನೂ ಇಲ್ಲ.

ಎತ್ತಿದ ತಕ್ಷಣ ಸ್ಟಾರ್ಟ್ ಮಾಡಬೇಡಿ, ಐದು ನಿಮಿಷ ಬಿಡಿ. ಈಚಿನ ಕೆಲವು ಗಾಡಿಗಳು ಬಿದ್ದಾಗ ತಾವಾಗೇ ಆಫ್ ಆಗ್ತವೆ. ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ. ಹೊರಡೋ ಮೊದಲು ಬ್ರೇಕು, ಕ್ಲಚ್ಚು, ಹ್ಯಾಂಡಲ್ ಸೊಟ್ಟ ಆಗಿದೆಯಾ ನೋಡಿ. ಲಿವರ್, ಕನ್ನಡಿ, ಇಂಡಿಕೇಟರ್ ಖರ್ಚಿಗೆಲ್ಲ ವಿಮೆ ಕೇಳೋದು ಸಾಮಾನ್ಯವಾಗಿ ಲಾಭ ಅಲ್ಲ. ಒಂದು ಸಲ ಕ್ಲೇಮ್ ಮಾಡಿದರೆ 20ರಿಂದ 50 ಪರ್ಸೆಂಟ್‌ವರೆಗಿನ ನೋ ಕ್ಲೇಮ್ ಬೋನಸ್ ಹೋಗುತ್ತೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನಮ್ಮ ಗಾಡಿಯ ರಿಪೇರಿಗೆ ಏನೂ ಸಿಗಲ್ಲ.

ಸೈಲೆನ್ಸರ್ ಸುಟ್ಟರೆ ಇಪ್ಪತ್ತು ನಿಮಿಷ ಹರಿಯೋ ತಣ್ಣೀರು. ಟೂತ್‌ಪೇಸ್ಟು, ಇಂಕು, ಅರಿಶಿನ ಯಾವುದೂ ಬೇಡ. ಹಿಮ್ಮಡಿ ಕೀಲು ಊದಿ ನಾಲ್ಕು ಹೆಜ್ಜೆ ಊರಿ ನಡೆಯೋಕಾಗದಿದ್ದರೆ ಎಕ್ಸ್‌ರೇ ಮಾಡಿಸಿ. ಶುಗರ್ ಇದ್ದವರು ಕಾಲಿನ ಗಾಯ ಎಷ್ಟೇ ಚಿಕ್ಕದಿರಲಿ, ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಅಪ್ಪ ಗಾಡಿ ಮಾರಲಿಲ್ಲ. ಗೊಬ್ಬರದ ಚೀಲ ಇನ್ನು ಲಗೇಜ್ ಆಟೋದಲ್ಲಿ ಬರಲಿ ಅಂದದ್ದಕ್ಕೆ ಒಪ್ಪಿದರು. ತಿರುವಿನಲ್ಲಿ ಎಡಕ್ಕೆ ನಿಂತು, ರಸ್ತೆ ಖಾಲಿಯಾದ ಮೇಲೆ ದಾಟೋಕೂ ಒಪ್ಪಿದರು. ಕಣ್ಣು ಪರೀಕ್ಷೆ ಮಾಡಿಸಿದಾಗ ಒಂದು ಕಣ್ಣಿಗೆ ಪೊರೆ ಬರ್ತಿದೆ ಅಂತ ಗೊತ್ತಾಯ್ತು. ಆಪರೇಷನ್ ಆಗೋವರೆಗೆ ಸಂಜೆ ಆರರ ಮೇಲೆ ಗಾಡಿ ಮುಟ್ಟಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದಾರೆ. ಡೈರಿಗೆ ಹೋಗುವಾಗಲೂ ಹೆಲ್ಮೆಟ್ ಹಾಕಿ ಅನ್ನೋದಕ್ಕೆ ಮಾತ್ರ ಇನ್ನೂ ಜಗಳ ನಡೀತಾ ಇದೆ. ಅಕ್ಕನಿಗೆ ಈಗಲೂ ಸಮಾಧಾನ ಇಲ್ಲ, ಅವಳ ಭಯವೂ ಸುಳ್ಳಲ್ಲ. ಒಂದು ದಿನ ಗಾಡಿ ಬಿಡೋ ಕಾಲ ಬಂದೇ ಬರುತ್ತೆ. ಅದನ್ನು ಹೇಳೋ ಧೈರ್ಯ ಅಪ್ಪನಿಗೆ ಇರಬೇಕು ಅಂದರೆ, ಬಿದ್ದದ್ದನ್ನು ಹೇಳಿದಾಗ ನಾವು ನಗಬಾರದು, ಗದರಬಾರದು.

ಇವತ್ತು ಸಂಜೆ ಮನೆಯ ಹಿರಿಯರ ಬೈಕನ್ನೊಮ್ಮೆ ನೋಡಿ. ಬ್ರೇಕ್ ಲಿವರಿನ ತುದಿ, ಫುಟ್‌ರೆಸ್ಟಿನ ಅಂಚು, ಲೆಗ್ ಗಾರ್ಡಿನ ಬದಿ. ಹೊಸ ಗೀರು, ಒಣಗಿದ ಕೆಂಪು ಮಣ್ಣು ಕಂಡರೆ "ಯಾಕೆ ಕೆಡವಿದ್ರಿ?" ಅನ್ನಬೇಡಿ. "ಎಲ್ಲಿ ಬಿತ್ತು? ಕಾಲು ತೋರ್ಸಿ ನೋಡೋಣ" ಅನ್ನಿ.